ಅತ್ತೆ ಇದ್ದ ಮರಳ ದಿಬ್ಬ

ನಮ್ಮ ಸೋದರತ್ತೆ ಸತ್ತುಹೋಗಿದ್ದಾಳೆ ಎಂದು ತಿಳಿದುಕೊಂಡೇ ನಾನು ಬೆಳೆದೆ. ಅಪ್ಪನಿಗೂ ದೊಡ್ಡಪ್ಪನಿಗೂ ಇದ್ದವಳು ಅವಳೊಬ್ಬಳೇ ತಂಗಿ. ಅವಳನ್ನು ನಾಗಮಂಗಲದ ಕಡೆಗೆ ಕೊಟ್ಟಿದ್ದರು. ನನಗೆ ನಾಲ್ಕೋ ಐದೋ ವರ್ಷವಿದ್ದಾಗ ಅವಳು ಗಂಡನ ಮನೆಯವರ ಜೊತೆ ಪಾಂಡವಪುರಕ್ಕೆ ಒಂದು ಮದುವೆಗೆ ಬಂದಿದ್ದಳಂತೆ. ಬೆಳಿಗ್ಗೆ ನಾಲೆಗೆ ಬಟ್ಟೆ ಒಗೆಯಲು ಹೋದವಳು ವಾಪಸ್ಸು ಬರಲಿಲ್ಲ. ಮೆಟ್ಟಿಲ ಮೇಲೆ ಹಿಂಡಿಟ್ಟ ಬಟ್ಟೆ ಇತ್ತು, ಪಕ್ಕದಲ್ಲಿ ಚಪ್ಪಲಿ ಇತ್ತು. ಅವಳಿರಲಿಲ್ಲ. ಆಗ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದ ಕಾಲ. ದೊಡ್ಡಪ್ಪ ಉದ್ದನೆಯ ಬಿದಿರಿನ ಗಳ ಹಿಡಿದು, ತೂಬು ಕಂಡಲ್ಲೆಲ್ಲ ಇಳಿದು ಕೆದಕುತ್ತಾ, ಊಟ ನಿದ್ದೆ ಬಿಟ್ಟು ನಾಲೆಯ ಏರಿಯ ಮೇಲೆ ತಿರುಗಿದರು. ಹೆಣ ಸಿಗಲಿಲ್ಲ. ಹೆಣ ಸಿಗದೆ ಕರ್ಮ ಮಾಡುವುದಿಲ್ಲ ಎಂದು ಗಂಡನ ಮನೆಯವರು ಕೈತೊಳೆದುಕೊಂಡಾಗ ದೊಡ್ಡಪ್ಪನೇ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆ ದಂಡೆಯಲ್ಲಿ ತಲೆ ಬೋಳಿಸಿಕೊಂಡು, ತಂಗಿಗೆ ಪಿಂಡ ಬಿಟ್ಟು ಬಂದರು. ಆಮೇಲೆ ಶೀಳನೆರೆಯ ನಮ್ಮ ಮನೆಯಲ್ಲಿ ಅವಳ ಮಾತು ಎತ್ತುತ್ತಿರಲಿಲ್ಲ. ಮಹಾಲಯದ ದಿನ ಮಾತ್ರ ಎಲೆಯ ಮೇಲೆ ಅವಳಿಗೂ ಒಂದು ಸೀರೆ ಇಡುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಬೇಸಿಗೆ. ನಾನು ಕೆ.ಆರ್. ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಜೆಯಾದ್ದರಿಂದ ಅಪ್ಪನ ತಾಯಿ, ನನ್ನ ಅಜ್ಜಿಯ ಜೊತೆ ಪೇಟೆಯ ಸಂತೆಗೆ ಹೋಗಿದ್ದೆ. ಒಣಮೀನು ಮಾರುವ ಸಾಬರೊಬ್ಬರ ಹತ್ತಿರ ಅಜ್ಜಿ ಎಷ್ಟೋ ವರ್ಷದಿಂದ ಮೀನು ತೆಗೆದುಕೊಳ್ಳುತ್ತಿದ್ದಳು. ಅವರು ಬೇಸಿಗೆಯಲ್ಲಿ ಲಾರಿಯ ಜೊತೆ ಕಡಲ ಕಡೆಗೆ ಹೋಗಿ ತಾವೇ ಮಾಲು ನೋಡಿ ತರುತ್ತಿದ್ದರು. ಆವತ್ತು ಅಜ್ಜಿ ಮೀನು ಮೂಸಿ ಮೂಸಿ ಪಕ್ಕಕ್ಕಿಡುತ್ತಿದ್ದಾಗ ಅವರು ನಗುತ್ತಾ, "ಧೈರ್ಯವಾಗಿ ತಗೊಳ್ಳಿ ಗೌಡ್ರಮ್ಮ, ಇದನ್ನ ಒಣಗಿಸಿರೋದು ನಿಮ್ಮ ಸೀಮೆ ಹೆಣ್ಣೇ" ಅಂದರು.

"ನಮ್ ಸೀಮೆ ಎಣ್ಣು ಕಡ್ಲತ್ರಕ್ಕೆ ಯಾಕ್ ಓದಾಳು?"

"ಖುದಾ ಜಾನೆ. ಉಡುಪಿಯಿಂದ ಆಚೆ ಒಂದು ಮರಳ ದಿಬ್ಬ ಐತೆ. ಈ ಕಡೆ ಹೊಳೆ, ಆ ಕಡೆ ಸಮುದ್ರ, ಮಧ್ಯದಾಗೆ ಒಂದು ಪಟ್ಟೆ ಮರಳು. ದೋಣೀಲೇ ಹೋಗ್ಬೇಕು. ಅಲ್ಲಿ ಅವ್ಳೆ. ಮೀನಿನೋರ ಮನೆ ಸೇರ್ಕೊಂಡವ್ಳೆ. ಅವ್ಳ ಬಾಯಲ್ಲಿ ಅಲ್ಲೀ ಮಾತೇ ಬರ್ತದೆ, ಆದ್ರೆ ತೂಕ ಹಾಕೋವಾಗ ಸಿಟ್ಟು ಬಂದ್ರೆ ನಮ್ ಮಾತು. ನಾನು ಹೋದಾಗಲೆಲ್ಲ ಕೇಳ್ತಾಳೆ, ಶೀಳನೆರೆ ಕಡೆ ಮಳೆ ಆಯ್ತಾ ಸಾಬ್ರೆ, ಅಂತ."

ಅಜ್ಜಿಯ ಕೈ ಮೀನಿನ ಮೇಲೆ ಹಾಗೇ ನಿಂತುಬಿಟ್ಟಿತು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಅವಳ ಎಡಗೈ ನೋಡಿದ್ಯಾ ಸಾಬಣ್ಣ?" ಎಂದು ಕೇಳಿದಳು.

"ನೋಡ್ದೆ ಏನು? ಮುಂಗೈ ಮೇಲೆ ಉದ್ದಕ್ಕೆ ಸುಟ್ಟ ಕಲೆ ಐತೆ."

ಅಜ್ಜಿ ಸಂತೆಯ ಧೂಳಿನಲ್ಲಿ ಕೂತುಬಿಟ್ಟಳು. ಅತ್ತೆ ಚಿಕ್ಕವಳಿದ್ದಾಗ ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಕುದಿಯುವ ಪಾಕ ಸಿಡಿದು ಅವಳ ಎಡಗೈ ಸುಟ್ಟಿತ್ತು ಎನ್ನುವುದು ನನಗೂ ಗೊತ್ತಿತ್ತು. ನಾನು ಹತ್ತಿರದ ಅಂಗಡಿಯಿಂದ ಸೋಡಾ ತಂದು ಕುಡಿಸಿದೆ. ಗಾಬರಿಯಾದ ಸಾಬರಿಗೆ ನಾನೇ ವಿಷಯ ಹೇಳಬೇಕಾಯಿತು. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು, "ಹೋಗೋದಾದ್ರೆ ಬೇಗ ಹೋಗ್ಬುಡಿ ಕಣಮ್ಮ" ಅಂದರು. ಆ ದಿಬ್ಬ ಮೊದಲು ನೆಲಕ್ಕೆ ಅಂಟಿಕೊಂಡೇ ಇತ್ತಂತೆ. ಒಂದು ಮಳೆಗಾಲದಲ್ಲಿ ಕಡಲು ಅದರ ಕತ್ತು ಕೊರೆದು ನಡುಗಡ್ಡೆ ಮಾಡಿತಂತೆ. ಹೋದ ವರ್ಷ ಇನ್ನೊಂದು ತುದಿಯನ್ನೂ ತಿಂದುಹಾಕಿತ್ತು. ಮನೆ ಕಳೆದುಕೊಂಡವರು ಒಬ್ಬೊಬ್ಬರೇ ಎದ್ದು ಎಲ್ಲೆಲ್ಲಿಗೋ ಹೋಗುತ್ತಿದ್ದರು. ಮೃಗಶಿರ ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಬಸ್ಸಿನಲ್ಲಿ ಊರಿಗೆ ಬರುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಮನೇಲಿ ಉಸ್ರು ಬುಡಬ್ಯಾಡ ಕಣ್ ಮಗ. ನೀನೂ ನಾನೂ ಓಗಿ ನೋಡ್ಕಂಡು ಬಂದ್ಬುಡಾವ."

ಉಸಿರು ಬಿಡದೆ ಇರುವುದಕ್ಕೆ ಕಾರಣ ಇತ್ತು. ದೊಡ್ಡಪ್ಪನ ಮಾತನ್ನು ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ. ಅಪ್ಪನಂತೂ ಅಣ್ಣ ಹಾಕಿದ ಗೆರೆ ದಾಟುವವರಲ್ಲ. ಅದಕ್ಕಿಂತ ಹೆಚ್ಚಾಗಿ, ಅದೇ ದಿನಗಳಲ್ಲಿ ನನಗೆ ಒಂದು ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗನ ಊರು ನಾಗಮಂಗಲದ ಹತ್ತಿರ, ಅತ್ತೆಯ ಗಂಡನ ಊರಿನ ಪಕ್ಕದ್ದೇ. ನಾಲೆಗೆ ಬಿದ್ದು ಸತ್ತಳು ಅನ್ನುವುದನ್ನು ಆ ಸೀಮೆಯವರು ಒಪ್ಪಿಕೊಂಡಿದ್ದರು. ಗಂಡನನ್ನು ಬಿಟ್ಟು ಓಡಿಹೋಗಿ ಇನ್ನೆಲ್ಲೋ ಸಂಸಾರ ಮಾಡುತ್ತಿದ್ದಾಳೆ ಅಂದರೆ ಒಪ್ಪಿಕೊಳ್ಳುವವರಲ್ಲ.

ನಾವಿಬ್ಬರೂ ಕದ್ದು ಕದ್ದು ಯೋಜನೆ ಮಾಡತೊಡಗಿದೆವು. ಶಾಲೆಯಿಂದ ಒಂದು ಹಳೆಯ ನಕ್ಷೆಯನ್ನು ಸುತ್ತಿಕೊಂಡು ಬಂದೆ. ಹಿತ್ತಿಲಿನ ಕೊಟ್ಟಿಗೆಯಲ್ಲಿ ಅದನ್ನು ಹರಡಿಕೊಂಡು ಕೂತರೆ, ಕಡಲ ಅಂಚಿನಲ್ಲಿ ಸಾಬರು ಹೇಳಿದ ದಿಬ್ಬ ಇರಲೇ ಇಲ್ಲ. ಒಂದು ಹೊಳೆಯ ಗೆರೆ ಬಂದು ನೀಲಿಗೆ ಸೇರಿಬಿಡುತ್ತಿತ್ತು, ಅಷ್ಟೇ. ಅಜ್ಜಿ ಆ ನೀಲಿಯ ಮೇಲೆ ಬೆರಳಿಟ್ಟು, "ಇದೆಲ್ಲಾ ನೀರೇಯ?" ಎಂದು ಕೇಳಿದಳು. ಹೂಂ ಅಂದೆ. ಕೆರೆ, ನಾಲೆ, ಕಾವೇರಿ ಬಿಟ್ಟರೆ ಬೇರೆ ನೀರು ಅವಳು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಮನೆಯಲ್ಲಿ ಹೇಳಲು ಒಂದು ನೆಪ ಬೇಕಿತ್ತು. ನನ್ನ ಮದುವೆ ನೆರವೇರಲಿ ಎಂದು ಗಂಜಾಂನ ನಿಮಿಷಾಂಬಾ ಗುಡಿಗೆ ಹರಕೆ ಹೊತ್ತಿರುವುದಾಗಿಯೂ, ಪಕ್ಕದ ಬಾಬುರಾಯನಕೊಪ್ಪಲಿನಲ್ಲಿರುವ ತನ್ನ ತಂಗಿಯ ಮನೆಯಲ್ಲಿ ಒಂದು ವಾರ ಉಳಿದು ದಿನವೂ ಪೂಜೆ ಮಾಡಿಸುವುದಾಗಿಯೂ ಹೇಳುವುದೆಂದು ಅಜ್ಜಿಯೇ ಉಪಾಯ ಹೂಡಿದಳು. ತಂಗಿಯನ್ನು ಒಪ್ಪಿಸಲು ನಾವು ಒಂದು ದಿನ ಮುಂಚೆಯೇ ಹೋಗಿ ಬಂದೆವು. ಆ ಚಿಕ್ಕಜ್ಜಿ ಎಲ್ಲ ಕೇಳಿಸಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೆ, "ನಿನ್ ದೊಡ್ಮಗ ಇಲ್ಲೀಗಂಟ ಬಂದು ನನ್ ಮೊಕ ನೋಡಿ ಕೇಳುದ್ರೆ ನಾನ್ ಸುಳ್ಳು ಯೋಳಾಕಿಲ್ಲ ಅಕ್ಕ. ಬರ್ದೆ ಇದ್ರೆ ಸರಿ" ಎಂದಳು. ಅಷ್ಟೇ ನಮಗೆ ಸಿಕ್ಕ ಭರವಸೆ.

ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದು ಅಜ್ಜಿಗೆ ಚುಚ್ಚುತ್ತಿತ್ತು. ಅದಕ್ಕೇ ಅದೇ ದಿನ ಗಂಜಾಂಗೆ ಹೋಗಿ ನಿಜವಾಗಿಯೂ ನಿಂಬೆಹಣ್ಣಿನ ಹಾರ ಹಾಕಿಸಿದಳು. ಗುಡಿಯಿಂದ ಇಳಿದು ಬಂದಾಗ ಸ್ನಾನಘಟ್ಟದ ಹತ್ತಿರ ಹರಿಗೋಲಿನವನೊಬ್ಬ ಕೂತಿದ್ದ. ಅಜ್ಜಿ ಸೀದಾ ಅವನ ಹತ್ತಿರ ಹೋಗಿ, "ನಮ್ಮನ್ನ ಕೂರಿಸ್ಕಂಡು ಒಂದು ಸುತ್ತು ಓಗಿ ಬಾರಪ್ಪ" ಅಂದಳು. ನಾನು ಬೇಡವೆಂದೆ. "ಇಲ್ಲೇ ಎದ್ರುಕೊಂಡ್ರೆ ಅಲ್ಲಿಗಂಟ ಓಗಿ ಏನ್ ಮಾಡಾವ?" ಎಂದು ನನ್ನನ್ನೇ ಗದರಿದಳು. ಬೇಸಿಗೆಯ ಕಾವೇರಿಯಲ್ಲಿ ನೀರು ಸೊಂಟದ ಮಟ್ಟವೂ ಇರಲಿಲ್ಲ. ಆದರೂ ಹರಿಗೋಲು ಒಂದು ಸಲ ತಿರುಗಿದ್ದೇ ಅವಳು ನನ್ನ ತೋಳು ಹಿಡಿದ ಹಿಡಿತಕ್ಕೆ ಉಗುರು ನಾಟಿತು. ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ದಡಕ್ಕೆ ಬಂದ ಮೇಲೆ ಹಣೆಯ ಬೆವರು ಒರೆಸಿಕೊಂಡು, "ಆಯ್ತದೆ. ಸಾಯಾಕಿಲ್ಲ" ಅಂದಳು.

ಸಾಬರ ಲಾರಿ ಇನ್ನೊಂದು ಸಲ ಕಡಲ ಕಡೆಗೆ ಹೋಗುವುದಿತ್ತು. ನಾವು ಬಸ್ಸಿನಲ್ಲಿ ಬರುವುದು, ಅವರು ದೋಣಿ ಕಟ್ಟುವ ಜಾಗದಲ್ಲಿ ನಮಗಾಗಿ ಕಾಯುವುದು ಎಂದು ಮಾತಾಗಿತ್ತು. ಎಲ್ಲ ಕೂಡಿಬಂತು ಅಂದುಕೊಳ್ಳುವಷ್ಟರಲ್ಲಿ ಎಲ್ಲ ಕೆಟ್ಟಿತು.

ದೊಡ್ಡಪ್ಪ ಎತ್ತಿಗೆ ಹಗ್ಗ ತರಲು ಸಂತೆಗೆ ಹೋಗಿದ್ದರು. ಸಾಬರು ಪಾಪ, ಮನೆಯವರಿಗೆಲ್ಲ ಗೊತ್ತಿರಬೇಕು ಎಂದುಕೊಂಡು, "ಯಾವಾಗ ಹೊರಡ್ತಾರೆ ಗೌಡ್ರೆ ಅಮ್ಮಾವ್ರು? ತಂಗೀನ ನೋಡೋಕೆ ನೀವೂ ಬರ್ತೀರಾ?" ಎಂದು ಕೇಳಿಬಿಟ್ಟಿದ್ದರು.

ದೊಡ್ಡಪ್ಪ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತರು. ನಾನು ತಂದ ಮಜ್ಜಿಗೆ ಮುಟ್ಟಲಿಲ್ಲ. ಒಳಗೆ ರಾಗಿ ಕೇರುತ್ತಿದ್ದ ಅಜ್ಜಿಯನ್ನು ಕರೆದರು. ಅಜ್ಜಿ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಅವ್ವ, ಗಂಜಾಂಗೆ ಓಯ್ತೀನಿ ಅಂದ್ಯಲ್ಲ. ಗಂಜಾಂನಲ್ಲಿ ಕಡಲು ಅದಾ?"

ಅಜ್ಜಿ ಮೊರ ಕೆಳಗಿಟ್ಟಳು.

"ಸಂತೇಲಿ ನಿಂತ್ಕಂಡು ಒಬ್ಬ ಸಾಬಿ ಬಾಯಲ್ಲಿ ಕೇಳ್ಬೇಕಾಯ್ತಲ್ಲ ನಾನು. ನನ್ ತಂಗಿ ಬದುಕವ್ಳೆ ಅಂತ."

"ಬದುಕವ್ಳೆ ಕಣ್ಲಾ" ಎಂದಳು ಅಜ್ಜಿ. "ನಿಂಗೆ ಖುಸಿ ಆಗ್ಲಿಲ್ವಾ?"

ದೊಡ್ಡಪ್ಪ ಎದ್ದು ನಿಂತರು. ಅವರ ದನಿ ಏರಿದ್ದು ಆಗಲೇ. "ನಾಲೆ ನೀರಲ್ಲಿ ಗಳ ಆಕಿ ಆಕಿ ಕೈ ಬೊಬ್ಬೆ ಎದ್ದವು ನಂಗೆ. ತಲೆ ಬೋಳಿಸ್ಕಂಡು ಪಿಂಡ ಬುಟ್ಟಿವ್ನಿ. ಈಗ ಬದುಕವ್ಳೆ ಅಂದ್ರೆ ನಾನು ಯಾರ್ಗವ್ವ ಬುಟ್ಟಿದ್ದು? ಅವಳು ಎಲ್ಲೋ ಮೀನು ಒಣಾಕ್ಕಂಡು ಆರಾಮಾಗಿದ್ಲು, ನಾನು ಇಲ್ಲಿ ವರ್ಸ ವರ್ಸ ಸೀರೆ ಮಡಗ್ತಿದ್ದೆ."

"ಬದುಕಿರೋಳ್ಗೆ ಪಿಂಡ ಬುಟ್ರೆ ಆಯಸ್ಸು ಜಾಸ್ತಿ ಆಯ್ತದೆ ಬುಡು. ಒಳ್ಳೇದೇ ಆಯ್ತು."

"ನಗ್ಬ್ಯಾಡ ಅವ್ವ. ಈ ಕೂಸಿನ ಮದ್ವೆ ಮಾತು ನಡೀತಾ ಅದೆ. ಮುಂದಿನ್ ವಾರ ಭಾನುವಾರ ಅವ್ರು ಬತ್ತಾವ್ರೆ. ಇದು ಗೊತ್ತಾದ್ರೆ ಮನೆ ಒಳಕ್ಕೆ ಕಾಲಿಕ್ತಾರಾ? ಯಾರೂ ಎಲ್ಲಿಗೂ ಓಗಂಗಿಲ್ಲ. ಸತ್ತೋದೋಳು ಸತ್ತೋದ್ಲು."

ಅವರು ನನ್ನ ಕಡೆ ಒಂದು ಸಲ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಅಪ್ಪ ಹೊಲದಿಂದ ಬಂದವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು ದನಕ್ಕೆ ಹುಲ್ಲು ಹಾಕಲು ಹೋದರು. ಅಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅತ್ತೆ ಸಿಕ್ಕಳೆಂದು ಅಳುತ್ತಿದ್ದಳೋ, ನನ್ನ ಮದುವೆ ತಪ್ಪುತ್ತದೆಂದೋ ನನಗೆ ಗೊತ್ತಾಗಲಿಲ್ಲ.

ರೋಹಿಣಿ ಮಳೆ ಅಷ್ಟರಲ್ಲಿ ಶುರುವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಗುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಮಳೆ ಬಂದರೆ ಊರಿಗೆಲ್ಲ ಖುಷಿ, ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳು ಮಾತ್ರ ಮೋಡ ಕಂಡರೆ ಮುಖ ಬಾಡಿಸಿಕೊಳ್ಳುತ್ತಿದ್ದಳು. ರೇಡಿಯೋದಲ್ಲಿ ಕರಾವಳಿಯ ಹವಾಮಾನ ಹೇಳುವಾಗ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದಳು. ದೊಡ್ಡಪ್ಪ ಅಲ್ಲೇ ಇದ್ದರೆ ಎದ್ದು ಹೋಗುತ್ತಿದ್ದರು, ರೇಡಿಯೋ ಮಾತ್ರ ಆರಿಸುತ್ತಿರಲಿಲ್ಲ.

ಮುಂದಿನ ಸಂತೆಗೆ ನಾನೊಬ್ಬಳೇ ಹೋದೆ. ಸಾಬರು ನನ್ನನ್ನು ಕಂಡು ಎದ್ದು ಬಂದರು. "ನನ್ನ ಬಾಯಿಗೆ ಬೆಂಕಿ ಬೀಳ್ಲಿ ಕಣವ್ವ" ಅಂದರು. ಅವರ ಲಾರಿ ಇನ್ನು ಹೋಗುವುದಿಲ್ಲ, ಮಾಲು ಮುಗಿಯಿತು ಎಂದು ಅಲ್ಲಿಯ ವ್ಯಾಪಾರಿಗಳು ಹೇಳಿ ಕಳಿಸಿದ್ದರಂತೆ. ದೋಣಿ ಇನ್ನು ಕೆಲವೇ ದಿನ. "ಹೋದ್ರೆ ಈ ವಾರದಾಗೆ ಹೋಗ್ಬುಡಿ. ನಾನಿಲ್ದೆ ಇದ್ರೂ ಪರವಾಗಿಲ್ಲ. ದೋಣಿಯೋನ್ನ ಕೇಳಿ, ಘಟ್ಟದ ಮೇಲಿನ ಹೆಂಗ್ಸು ಎಲ್ಲಿ ಅಂತ. ಅಂಗೆ ಅಂದ್ರೇನೇ ಅಲ್ಲಿ ಗೊತ್ತಾಗೋದು. ಅಲ್ಲಿ ಅವ್ಳಿಗೆ ಬೇರೆ ಹೆಸ್ರಿಲ್ಲ."

ಇಳಿಯಬೇಕಾದ ಊರು, ಬದಲಾಯಿಸಬೇಕಾದ ಬಸ್ಸು, ನಡೆಯಬೇಕಾದ ದಾರಿ, ಎಲ್ಲವನ್ನೂ ಅವರು ಮತ್ತೆ ಮತ್ತೆ ಹೇಳಿ ನನ್ನಿಂದ ಒಪ್ಪಿಸಿಕೊಂಡರು.

ನಾನು ಬಂದು ಅಜ್ಜಿಗೆ ಹೇಳಿದೆ. ಅವಳು ಸ್ವಲ್ಪವೂ ಯೋಚನೆ ಮಾಡಲಿಲ್ಲ. ಆವತ್ತು ಎಲ್ಲರೂ ಊಟಕ್ಕೆ ಕೂತಿದ್ದಾಗ, ದೊಡ್ಡಪ್ಪನ ತಟ್ಟೆಗೆ ಮುದ್ದೆ ಇಡುತ್ತಾ, "ಶುಕ್ರವಾರ ನಾನು ಓಯ್ತೀನಿ. ಬೇಕಾದ್ರೆ ನೀನು ಬಾಗ್ಲಿಗೆ ಅಡ್ಡ ಮನಿಕೊ. ದಾಟ್ಕಂಡು ಓಯ್ತೀನಿ" ಅಂದಳು.

ದೊಡ್ಡಪ್ಪ ಮುದ್ದೆ ಮುರಿಯದೆ ಎದ್ದರು. ಕೈ ತೊಳೆದುಕೊಂಡು ಹೋದವರು ಮಾರನೆಯ ದಿನವೂ ಮನೆಗೆ ಬರಲಿಲ್ಲ. ತೋಟದ ಪಂಪ್‌ಸೆಟ್ ಮನೆಯಲ್ಲಿ ಮಲಗಿದ್ದಾರೆ ಎಂದು ಅಪ್ಪ ಹೇಳಿದರು.

ಹೊರಡುವುದಕ್ಕೆ ಮುಂಚೆ ಅಮ್ಮ ನನ್ನನ್ನು ಒಳಗೆ ಕರೆದು, "ನೀ ಓಗ್ಬ್ಯಾಡ ಅಂದ್ರೆ ನಿಮ್ಮಜ್ಜಿ ಒಬ್ಳೇ ಓಯ್ತಾಳೆ. ಅದು ಬ್ಯಾರೆ ಭಯ ನಂಗೆ" ಅಂದಳು. ಆಮೇಲೆ ಹೊಸ ಬಟ್ಟೆಯಲ್ಲಿ ಕಟ್ಟಿದ ಹುರಿಟ್ಟು, ಅಚ್ಚು ಬೆಲ್ಲ, ಹುರಳಿಕಾಳು ತಂದು ನನ್ನ ಚೀಲದಲ್ಲಿ ತುಂಬಿದಳು. ಭಾನುವಾರ ಬರುವ ಗಂಡಿನ ಕಡೆಯವರ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹುಡುಗನನ್ನು ನಾನು ಒಂದೇ ಒಂದು ಸಲ ನೋಡಿದ್ದೆ. ಬೇಡ ಅನ್ನಿಸುವಂಥವನೇನೂ ಆಗಿರಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗ ನಾವು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಹಾಸನದ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಒಬ್ಬರು ಕೂತಿದ್ದರು, ಪಕ್ಕದಲ್ಲಿ ಕೊಡೆ, ತೊಡೆಯ ಮೇಲೆ ಒಂದು ಕೈಚೀಲ. ದೊಡ್ಡಪ್ಪ.

ನಾನು ಅಲ್ಲೇ ನಿಂತೆ. ಇಷ್ಟು ಜನರ ಮುಂದೆ ಜಗಳ ಆಗುತ್ತದೆ, ಅಜ್ಜಿಯನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅಜ್ಜಿ ನಿಲ್ಲಲಿಲ್ಲ. ಸೀದಾ ಹೋಗಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು. ಬಸ್ಸು ಬಂದಾಗ ದೊಡ್ಡಪ್ಪ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಕಿ ಅಜ್ಜಿಗೆ ಜಾಗ ಹಿಡಿದರು. ತಾವು ಮುಂದಿನ ಸೀಟಿನಲ್ಲಿ ನಮಗೆ ಬೆನ್ನು ಮಾಡಿ ಕೂತರು.

ಅವರು ಯಾಕೆ ಬರುತ್ತಿದ್ದಾರೆ ಎನ್ನುವುದೇ ನನಗೆ ಹೊಳೆಯಲಿಲ್ಲ. ತಂಗಿಯನ್ನು ನೋಡಲೋ, ಅವಳ ಕೆನ್ನೆಗೆ ಹೊಡೆದು ಬರಲೋ? ಹಾಸನದಲ್ಲಿ ಬಸ್ಸು ಬದಲಾಯಿಸುವಾಗ ಕೇಳೋಣವೆಂದು ಬಾಯಿ ತೆರೆದೆ, ಅವರ ದವಡೆ ನೋಡಿ ಸುಮ್ಮನಾದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಅವರಿಗೆ ವಾಂತಿ ಹತ್ತಿತು. ಅಜ್ಜಿ ಹಿಂದಿನಿಂದ ಕೈಚಾಚಿ ಅವರ ಬೆನ್ನು ನೀವಿದಳು. ಅವರು ಬೇಡ ಅನ್ನಲಿಲ್ಲ. ಮಂಗಳೂರು ಸೇರುವಾಗ ಜಿಟಿಜಿಟಿ ಮಳೆ ಶುರುವಾಗಿತ್ತು. ಒಂದು ಛತ್ರದಲ್ಲಿ ಉಳಿದು, ಬೆಳಗಾಗುತ್ತಲೇ ಸಾಬರು ಹೇಳಿದ್ದ ಬಸ್ಸು ಹಿಡಿದೆವು.

ದೋಣಿ ಕಟ್ಟುವ ಜಾಗಕ್ಕೆ ಬಂದಾಗ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಹೊಳೆ ಅಗಲವಾಗಿ ಕೆಂಪಗೆ ಹರಿಯುತ್ತಿತ್ತು. ಅದರಾಚೆ ತೆಂಗಿನ ಮರಗಳ ಒಂದು ಸಾಲು, ಅದರ ಹಿಂದೆ ಕಾಣದ ಏನೋ ಒಂದು ಬಿಡದೆ ಗುಡುಗುತ್ತಿತ್ತು. ಕಡಲಿನ ಸದ್ದು ಅದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ದೋಣಿಯವನಿಗೆ ಘಟ್ಟದ ಮೇಲಿನ ಹೆಂಗಸು ಅಂದ ತಕ್ಷಣ ಗೊತ್ತಾಯಿತು. "ಉಂಟು ಉಂಟು, ಅಲ್ಲೇ ಉಂಟು ಅವ್ರು. ನಾಳೆಯಿಂದ ನಾನು ದೋಣಿ ಹಾಕುದಿಲ್ಲ. ಬೇಗ ಹತ್ತಿ ಮಾರಾಯ್ರೆ. ಗಾಳಿ ಜೋರಾದ್ರೆ ವಾಪಸ್ ಬರ್ಲಿಕ್ಕೆ ಆಗುದಿಲ್ಲ."

ಅಜ್ಜಿ ಸೀರೆ ಎತ್ತಿ ಕಟ್ಟಿ, ನನ್ನ ಹೆಗಲು ಹಿಡಿದು ದೋಣಿಗೆ ಕಾಲಿಟ್ಟಳು. ನಾನು ದೊಡ್ಡಪ್ಪನಿಗೆ ಕೈ ಚಾಚಿದೆ. ಅವರು ದಡದ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಮುಖ ಬಿಳಿಚಿಕೊಂಡಿತ್ತು. ಕಣ್ಣು ನೀರಿನ ಮೇಲಿತ್ತು.

"ನೀವ್ ಓಗಿ" ಅಂದರು.

"ಇಲ್ಲೀಗಂಟ ಬಂದು ಇದೇನ್ಲಾ?" ಅಜ್ಜಿ ಕೂಗಿದಳು.

"ನನ್ ಕೈಲಿ ಆಗಾಕಿಲ್ಲ ಅವ್ವ. ನೀರು ನೋಡುದ್ರೆ ಆವತ್ತಿಂದೆಲ್ಲ ಕಣ್ಮುಂದೆ ಬತ್ತದೆ. ಓಗಿ ಬುಡಿ."

ಅಷ್ಟು ವರ್ಷದಲ್ಲಿ ದೊಡ್ಡಪ್ಪ ಕೆರೆಗಾಗಲಿ ಹೊಳೆಗಾಗಲಿ ಇಳಿದದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗಷ್ಟೇ ನನ್ನ ತಲೆಗೆ ಬಂತು. ಹಬ್ಬದ ದಿನ ಎತ್ತು ಮೈತೊಳೆಯಲೂ ಅಪ್ಪನೇ ಹೋಗುತ್ತಿದ್ದರು.

ದೋಣಿ ನಡುನೀರಿಗೆ ಹೋದಂತೆ ಕಡಲ ಕಡೆಯಿಂದ ಬರುವ ಅಲೆ ಹೊಳೆಯ ನೀರಿಗೆ ಡಿಕ್ಕಿ ಹೊಡೆದು ನಮ್ಮನ್ನು ಮೇಲೆತ್ತಿ ಇಳಿಸತೊಡಗಿತು. ಮುಖಕ್ಕೆ ಉಪ್ಪುನೀರು ಎರಚುತ್ತಿತ್ತು. ನಾನು ಚೀಲವನ್ನು ತಬ್ಬಿಕೊಂಡು ಎಲ್ಲ ದೇವರನ್ನೂ ನೆನೆಸಿಕೊಂಡೆ. ಅಜ್ಜಿ ಈ ಸಲ ಕಣ್ಣು ಮುಚ್ಚಲಿಲ್ಲ. ಕತ್ತು ನೀಡಿ ಆಚೆ ದಡವನ್ನೇ ಹುಡುಕುತ್ತಿದ್ದಳು.

ದಿಬ್ಬ ನಾನು ಅಂದುಕೊಂಡದ್ದಕ್ಕಿಂತ ಕಿರಿದಾಗಿತ್ತು. ನಾಲ್ಕು ಹೆಜ್ಜೆ ಏರಿದರೆ ಆ ಕಡೆ ಸಮುದ್ರ ಕಾಣುತ್ತಿತ್ತು, ಬೂದುಬಣ್ಣದ್ದು, ದಡಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದದ್ದು. ಬೇರು ಕಿತ್ತು ಮಗುಚಿದ ತೆಂಗಿನ ಮರಗಳು, ಅರ್ಧ ಮರಳಿನಲ್ಲಿ ಹೂತ ಒಂದು ಗೋಡೆ. ಜನ ಮನೆಗಳ ಮುಂದೆ ಮರಳಿನ ಚೀಲ ಪೇರಿಸುತ್ತಿದ್ದರು. ಅಜ್ಜಿ ಕಡಲನ್ನು ಒಂದು ಸಲ ನೋಡಿ ಮುಖ ತಿರುಗಿಸಿಕೊಂಡಳು. ನೋಡಲು ಅವಳಿಗೆ ಬಿಡುವಿರಲಿಲ್ಲ.

ಅತ್ತೆ ಒಂದು ಗುಡಿಸಲಿನ ಮುಂದೆ, ಸುತ್ತಿದ ಚಾಪೆಗಳ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಕಪ್ಪಗೆ, ತೆಳ್ಳಗೆ, ಅರ್ಧ ನರೆತ ಕೂದಲು. ಎತ್ತಿದ ಎಡಗೈಯ ಕಲೆ ದೂರದಿಂದಲೇ ಕಂಡಿತು. ಅವಳು ನಮ್ಮನ್ನು ನೋಡಿದಳು. ಹೊರೆ ಇಳಿಸಲಿಲ್ಲ, ಮುಂದೆ ಬರಲೂ ಇಲ್ಲ. ಅವಳ ಮುಖದಲ್ಲಿ ನಾನು ಮೊದಲು ಕಂಡದ್ದು ಸಂತೋಷವಲ್ಲ, ಹೆದರಿಕೆ.

"ಯಾರ್ ಜೊತೆ ಬಂದೆ ಅವ್ವ?" ಎಂದಳು. "ಕರ್ಕೊಂಡು ಓಗಕ್ಕೆ ಬಂದ್ಯಾ?"

"ನೋಡಕ್ಕೆ ಬಂದೆ ಕಣವ್ವ. ಬರೀ ನೋಡಕ್ಕೆ."

ಆಮೇಲೆ ಹೊರೆ ತಾನೇ ಜಾರಿ ಬಿತ್ತು. ತಾಯಿ ಮಗಳು ಮರಳಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ಸವರಿಕೊಂಡರು. ಗುಡಿಸಲಿನಿಂದ ಒಬ್ಬ ಗಂಡಸು ಬಂದು, ನಮ್ಮನ್ನು ನೋಡಿ, ಏನೂ ಕೇಳದೆ ಎಳನೀರು ಕೆತ್ತಿ ತಂದಿಟ್ಟು ಹೋದ. ಅವನೇ ಅವಳ ಗಂಡ.

ಅಜ್ಜಿ ಕೊನೆಗೆ ಕೇಳಿದಳು, "ಚಪ್ಲಿ ಯಾಕವ್ವ ಅಲ್ಲಿ ಬುಟ್ಟೆ? ಸತ್ತೋದೆ ಅಂದ್ಕಂಡೋ."

ಅತ್ತೆ ಮರಳನ್ನು ಬೆರಳಿನಿಂದ ಗೀರಿದಳು. "ಬೇಕಂತಲೇ ಬುಟ್ಟೆ. ಇಲ್ದಿದ್ರೆ ನೀವು ಹುಡುಕ್ಕಂಡು ಬತ್ತಿದ್ರಿ. ಬಂದು ಮತ್ತೆ ಅವನ ಮನೆಗೇ ಕಳಿಸ್ತಿದ್ರಿ. ಏಟು ತಿಂದ್ಕಂಡು ಎಷ್ಟು ಸಲ ಬಂದಿದ್ದೆ ಹೇಳು ನಿನ್ ಹತ್ರ? ಪ್ರತಿ ಸಲವೂ ತಲೆ ಬಾಚಿ, ಹೂ ಮುಡಿಸಿ ಕಳಿಸ್ದೆ."

ನಾನು ಅಜ್ಜಿಯ ಕಡೆ ನೋಡಲಾರದೆ ಕಡಲಿನ ಕಡೆ ನೋಡಿದೆ.

"ಹೂಂ ಕಣವ್ವ" ಅಂದಳು ಅಜ್ಜಿ. "ಕಳಿಸ್ತಿದ್ದೆ. ಆಗ್ಲೂ ಬಂದಿದ್ರೆ ಕಳಿಸ್ತಿದ್ದೆ. ನೀ ಮಾಡಿದ್ದೇ ಸರಿ ಆಯ್ತು."

ಅಷ್ಟು ಹೇಳಿದ ಮೇಲೆ ಅವಳು ಅತ್ತಳು. ಅವಳು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಅತ್ತೆ ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದದ್ದು, ಅಲ್ಲಿ ಜೊತೆಗಿದ್ದ ಹೆಂಗಸೊಬ್ಬಳ ತಮ್ಮನನ್ನು ಮದುವೆಯಾಗಿ ಈ ದಿಬ್ಬಕ್ಕೆ ಬಂದದ್ದು, ಒಬ್ಬಳು ಮಗಳನ್ನು ಹೆತ್ತದ್ದು, ಆ ಮಗಳೀಗ ಒಳನಾಡಿನ ನೆಂಟರ ಮನೆಯಲ್ಲಿ ಓದುತ್ತಿರುವುದು, ಇಷ್ಟನ್ನೂ ಅವಸರದಲ್ಲಿ ಹೇಳಿದಳು. ಅಷ್ಟರ ತನಕ ಅಣ್ಣಂದಿರ ಮಾತು ಎತ್ತಿರಲಿಲ್ಲ. ನಾನೇ, "ದೊಡ್ಡಪ್ಪ ಆ ದಡದಲ್ಲಿ ಕೂತವ್ರೆ ಅತ್ತೆ. ದೋಣಿ ಹತ್ತಲಿಲ್ಲ" ಅಂದೆ. ಅವಳು ಎದ್ದು ನಿಂತು ಹೊಳೆಯ ಆಚೆ ನೋಡಿದಳು. ಇಲ್ಲಿಂದ ಒಂದು ಕಪ್ಪು ಕೊಡೆ ಮಾತ್ರ ಕಾಣುತ್ತಿತ್ತು.

ಗಾಳಿ ಏರುತ್ತಿತ್ತು. ದೋಣಿಯವನು ಕೈಬೀಸಿ ಕರೆಯುತ್ತಿದ್ದ. ನಾವು ಇಳಿದು ಬರುವಾಗ ಅತ್ತೆ ನಮ್ಮ ಹಿಂದೆಯೇ ಬಂದಳು. ಗಂಡನಿಗೆ ತುಳುವಿನಲ್ಲಿ ಏನೋ ಕೂಗಿ ಹೇಳಿ, ನಮಗಿಂತ ಮೊದಲು ದೋಣಿ ಹತ್ತಿದಳು. ವಾಪಸ್ಸು ದಾರಿಯಲ್ಲಿ ನೀರು ಇನ್ನೂ ಜೋರಾಗಿತ್ತು. ಒಂದು ಅಲೆ ದೋಣಿಯೊಳಗೇ ನುಗ್ಗಿತು. ಅತ್ತೆ ಒಂದು ಕೈಯಲ್ಲಿ ಅಜ್ಜಿಯನ್ನು ಅವುಚಿಕೊಂಡು ಇನ್ನೊಂದು ಕೈಯಿಂದ ತಗಡಿನ ಡಬ್ಬಿಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ದಡದ ಮೇಲೆ ಕೊಡೆ ಗಾಳಿಗೆ ಮಗುಚಿ ಹಾರಿಹೋಯಿತು. ದೊಡ್ಡಪ್ಪ ಅದನ್ನು ಹಿಡಿಯಲು ಹೋಗಲಿಲ್ಲ. ನೀರಿನ ಅಂಚಿಗೆ ಬಂದು, ಮೊಣಕಾಲಿನ ತನಕ ಹೊಳೆಗೆ ಇಳಿದು ನಿಂತಿದ್ದರು.

ಅತ್ತೆ ಇಳಿದು ಅವರ ಎದುರು ನಿಂತಳು. ನನಗೆ ಇನ್ನೂ ಭಯವಿತ್ತು. ದೊಡ್ಡಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಕೂದ್ಲೆಲ್ಲ ನರೆತೋಗದಲ್ಲೇ" ಅಂದರು.

"ನಿಂದು ಉದುರೇ ಓಗದಲ್ಲಣ್ಣ."

ಅವರು ತಲೆ ಸವರಿಕೊಂಡರು. "ನಾಲೆ ಉದ್ದಕ್ಕೂ ಹುಡುಕ್ದೆ ಕಣವ್ವ ನಿನ್ನ."

"ಗೊತ್ತು."

"ನಿಂಗೆಂಗೆ ಗೊತ್ತಾಯ್ತದೆ?"

"ನೀ ಹುಡುಕ್ದೆ ಇರೋನಲ್ಲ. ಅದೇ ನನ್ನ ಎಲ್ಲಕ್ಕಿಂತ ಜಾಸ್ತಿ ತಿಂದಾಕಿದ್ದು ಇಷ್ಟು ವರ್ಸ."

ದೊಡ್ಡಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅತ್ತೆ ಅವರ ತೋಳು ಹಿಡಿದು ನಿಂತಳು. ದೋಣಿಯವನು ಇನ್ನು ಕಾಯಲಾರೆ ಎಂದಾಗ ಅವಳು ಮತ್ತೆ ದೋಣಿ ಹತ್ತಿದಳು. ಅದು ಆ ದಡ ಮುಟ್ಟುವ ತನಕ ನಾವು ಮೂವರೂ ಅಲ್ಲೇ ನಿಂತಿದ್ದೆವು.

ಆ ಮಳೆಗಾಲದಲ್ಲಿ ದಿಬ್ಬ ಎರಡು ತುಂಡಾಯಿತು. ಅತ್ತೆಯ ಗುಡಿಸಲೂ ಹೋಯಿತು. ಆದರೆ ಅಷ್ಟರಲ್ಲಿ ಅವರು ಒಳನಾಡಿನ ನೆಂಟರ ಮನೆ ಸೇರಿದ್ದರು. ಆ ಸುದ್ದಿ ತಂದವರೂ ಸಾಬರೇ. ಸುದ್ದಿ ಬರುವ ತನಕ ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಬಂದ ಗಂಡಿನ ಕಡೆಯವರಿಗೆ ದೊಡ್ಡಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರು. ಮಂಗಳೂರಿನಿಂದ ಬಂದು ಬಟ್ಟೆ ಕೂಡ ಬದಲಾಯಿಸಿರಲಿಲ್ಲ. ಅವರು ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಎದ್ದು ಹೋದರು. ತಿಳಿಸಲಿಲ್ಲ. ಅಮ್ಮ ಕೆಲವು ದಿನ ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದಳು. ನನಗೆ ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಬೇಸರ ಗೌರಿ ಹಬ್ಬದ ತನಕವೂ ಉಳಿಯಲಿಲ್ಲ. ಹಬ್ಬಕ್ಕೆ ಅತ್ತೆಯೇ ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿ ನಮ್ಮ ಮುದ್ದೆಯನ್ನು ಜಗಿದು ಜಗಿದು ತಿಂದು ಎಲ್ಲರನ್ನೂ ನಗಿಸಿದಳು.

ಮಾರನೆಯ ವರ್ಷ ಶ್ರೀರಂಗಪಟ್ಟಣದ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಬಂದವರಲ್ಲಿ ಹಿರಿಯರೊಬ್ಬರು ಜಗಲಿಯಲ್ಲಿ ಕೂತು, ಮನೆಗೆ ಹೆಣ್ಣುಮಕ್ಕಳು ಎಷ್ಟು, ಎಲ್ಲೆಲ್ಲಿಗೆ ಕೊಟ್ಟಿದ್ದೀರಿ ಎಂದು ವಾಡಿಕೆಯಂತೆ ವಿಚಾರಿಸಿದರು. ನಾನು ಒಳಗೆ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದೆ. ಕೈ ನಿಂತಿತು. ಅಜ್ಜಿಯೂ ತಲೆ ಎತ್ತಿದಳು.

"ನಂಗೆ ಒಬ್ಳೇ ತಂಗಿ" ಎಂದರು ದೊಡ್ಡಪ್ಪ. "ಕಡಲ ಕಡೆ ಕೊಟ್ಟಿದ್ದೀವಿ."

ಕಾಫಿ ಆರಿಹೋಗುತ್ತದೆ, ತಗೊಂಡು ಹೋಗು ಎಂದು ಅಜ್ಜಿ ನನಗೆ ಸನ್ನೆ ಮಾಡಿದಳು.